ಸತ್ತವರ ಡಾಕ್ಟರು

ಅವಳಿಗೆ ದೊರೆಸಾನಿ ಎಂದು ಹೆಸರಿಟ್ಟವನು ಮೇಸ್ತ್ರಿ. ಪಕ್ಕದಿಂದ ಯಾರಾದರೂ ಕರೆದರೆ ಅವಳು ತಲೆ ತಿರುಗಿಸುತ್ತಿರಲಿಲ್ಲ. ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಮೊದಲು ಪಾದ, ಆಮೇಲೆ ಸೊಂಟ, ಆಮೇಲೆ ಹೆಗಲು. ಹೆಗಲ ಜೊತೆಗೆ ಮುಖ. ನೋಡಿದವರಿಗೆ ಅದು ಗತ್ತಿನಂತೆ ಕಾಣುತ್ತಿತ್ತು. ದೊರೆಸಾನಿಯವರು ನಮ್ಮ ಕಡೆ ಕಣ್ಣು ಹಾಯಿಸಿದರಪ್ಪ, ಧನ್ಯರಾದೆವು ಎಂದು ಮೇಸ್ತ್ರಿ ಒಂದು ದಿನ ಕೈಮುಗಿದ. ಮಣ್ಣು ಹೊರುವ ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು. ಮೇಸ್ತ್ರಿಯ ತಮಾಷೆಗೆ ನಗದವರು ಮಾರನೆಯ ದಿನ ಗೇಟಿನ ಹೊರಗೇ ನಿಲ್ಲಬೇಕಾಗುತ್ತಿತ್ತು. ಅಂದಿನಿಂದ ಅವಳ ಸ್ವಂತ ಹೆಸರು ಯಾರ ಬಾಯಿಗೂ ಬರಲಿಲ್ಲ.

ಗತ್ತೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಕತ್ತು ತಿರುಗುತ್ತಿರಲಿಲ್ಲ, ಅಷ್ಟೇ. ಮೈನೆರೆಯುವ ಮೊದಲೇ ಅವಳ ತಲೆಯ ಮೇಲೆ ಹೊರೆ ಏರಿತ್ತು. ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ, ಆಮೇಲೆ ಕಂಡವರ ಮನೆಗಳಿಗೆ ಜಲ್ಲಿ ಕಾಂಕ್ರೀಟು, ಈಗ ಇಲ್ಲಿ ಕಬ್ಬಿಣದ ಬಾಂಡ್ಲಿಯಲ್ಲಿ ಮಣ್ಣು. ಅವಳು ಹೊತ್ತ ಇಟ್ಟಿಗೆಯಲ್ಲಿ ಒಂದು ಬೀದಿಯೇ ಎದ್ದಿರಬೇಕು. ಆ ಬೀದಿಯಲ್ಲಿ ಅವಳಿಗೆ ನೀರು ಕೇಳಲು ಒಂದು ಬಾಗಿಲೂ ಇಲ್ಲ. ಗಂಡ ರಸ್ತೆ ಕೆಲಸಕ್ಕೆಂದು ಹೋದವನು ಆ ರಸ್ತೆಯನ್ನು ಇನ್ನೂ ಮುಗಿಸಿರಲಿಲ್ಲ. ಸಾಲುಮನೆಯ ಒಂದು ಕೋಣೆಯಲ್ಲಿ ಅವಳು, ಅವಳ ಮಗಳು, ಮತ್ತೆ ಗಂಡನ ತಂಗಿ. ಅಣ್ಣ ಬಿಟ್ಟುಹೋದರೂ ನಾದಿನಿ ಅತ್ತಿಗೆಯನ್ನು ಬಿಟ್ಟಿರಲಿಲ್ಲ.

ಊರಾಚೆಯ ದಿಬ್ಬದ ಕೆಳಗೆ ಯಾವ ಕಾಲದ್ದೋ ಊರೊಂದು ಮಲಗಿದೆಯೆಂದು ದೊಡ್ಡ ಓದು ಓದಿದವರು ಕಂಡುಹಿಡಿದಿದ್ದರು. ಅದನ್ನು ಎಬ್ಬಿಸಲು ಬಂದಿದ್ದರು. ಓದಿದವರು ಗುಂಡಿಯ ತಳದಲ್ಲಿ ಮೆತ್ತೆ ಹಾಕಿಕೊಂಡು ಕೂತು, ಸಣ್ಣ ಬ್ರಷ್ಷಿನಿಂದ ಧೂಳು ಸವರುತ್ತಿದ್ದರು. ಆ ಧೂಳಿನ ಮೇಲೆ ಆಳೆತ್ತರಕ್ಕಿಂತ ಹೆಚ್ಚು ಮಣ್ಣಿತ್ತಲ್ಲ, ಅದನ್ನು ಅಗೆದವರು ಬೇರೆ, ಹೊತ್ತವರು ಬೇರೆ. ಪೇಪರಿನಲ್ಲಿ ಬಂದದ್ದು ಬ್ರಷ್ಷು.

ಹಿಂದಿನ ವರ್ಷ ಅಲ್ಲೊಂದು ಹೆಂಗಸಿನ ಅಸ್ಥಿಪಂಜರ ಸಿಕ್ಕಿತ್ತು. ಕಲ್ಲು ಕಟ್ಟಿದ ಗೋರಿ, ಕೊರಳ ಸುತ್ತ ಹವಳ, ಕೈಯಲ್ಲಿ ಚಿನ್ನದ ಬಳೆ. ಅದನ್ನು ರಾಣಿ ಎಂದು ಕರೆದರು. ಬಿಸಿಲಿಗೆ ಮೂಳೆ ಬಿರಿಯುತ್ತದೆಂದು ಅದರ ಮೇಲೆ ಎರಡು ಪದರದ ಟೆಂಟು ಹಾಕಿಸಿದರು, ಫ್ಯಾನು ಇಡಿಸಿದರು, ಕಾವಲಿಗೆ ವಾಚ್‌ಮನ್‌ನನ್ನು ನಿಲ್ಲಿಸಿದರು. ಮಾಂಸ ಸುತ್ತಿಕೊಂಡಿರುವ ಮೂಳೆಗೆ ಬಿಸಿಲು ತಾಗುವುದಿಲ್ಲವೆಂದು ಶಾಸ್ತ್ರದಲ್ಲಿ ಇರಬೇಕು. ಹೊರೆಯ ಹೆಂಗಸರು ಸಾಮಾನಿನ ಶೆಡ್ಡಿನ ಗೋಡೆಗೆ ಅಂಟಿಕೊಂಡು ಉಣ್ಣುತ್ತಿದ್ದರು. ನೆರಳು ಸರಿದ ಹಾಗೆ ತಟ್ಟೆ ಎತ್ತಿಕೊಂಡು ತಾವೂ ಸರಿಯುತ್ತಿದ್ದರು.

ಮೂಳೆಗಳನ್ನು ಓದಲು ಒಬ್ಬ ಡಾಕ್ಟರು ಬರುತ್ತಿದ್ದರು. ದೊಡ್ಡ ಆಸ್ಪತ್ರೆಯ ಕಾಲೇಜಿನಲ್ಲಿ ಪಾಠ ಹೇಳುವವರು. ಒಂದು ಹಲ್ಲು ಕೊಟ್ಟರೆ ಸತ್ತವನು ಏನು ತಿನ್ನುತ್ತಿದ್ದ, ಏನು ತಿನ್ನಲು ಗತಿಯಿರಲಿಲ್ಲ ಎಂದು ಹೇಳುತ್ತಾರೆಂಬ ಹೆಸರು. ಕೂಲಿಯವರ ಆರೋಗ್ಯ ನೋಡಲು ಒಬ್ಬ ಡಾಕ್ಟರು ಇರಲೇಬೇಕೆಂದು ಮೇಲಿನಿಂದ ಕಟ್ಟಳೆ ಬಂದಾಗ ಇವರನ್ನೇ ಅದಕ್ಕೂ ಕೂರಿಸಿದರು. ವಾರಕ್ಕೊಮ್ಮೆ ತಗಡಿನ ಕೋಣೆಯಲ್ಲಿ ಗಡಿಯಾರ ನೋಡುತ್ತ ಕೂರುತ್ತಿದ್ದರು. "ಈಯಪ್ಪ ಸತ್ತವರ ಡಾಕ್ಟರು ಅತ್ತಿಗೆ," ಎಂದಿದ್ದಳು ನಾದಿನಿ. "ಬದುಕಿರೋರು ಕಣ್ಣಿಗೇ ಬೀಳಲ್ಲ."

ಆದರೂ ಅವಳು ಹೋದಳು. ಕತ್ತಿನಿಂದ ಬೆಂಕಿಯ ಗೆರೆಯೊಂದು ಎಡಗೈವರೆಗೆ ಇಳಿಯುತ್ತಿತ್ತು. ಬೆರಳುಗಳು ಮರಗಟ್ಟಿ, ಹಿಡಿದ ಲೋಟ ಯಾವಾಗ ಜಾರಿತೆಂದೇ ತಿಳಿಯುತ್ತಿರಲಿಲ್ಲ. ಬಾಂಡ್ಲಿ ಹೊತ್ತು ಹಲಗೆ ಏರುವಾಗ ಒಮ್ಮೊಮ್ಮೆ ಕಣ್ಣು ಕತ್ತಲಿಟ್ಟು, ಮುಂದಿನವಳ ಹಿಮ್ಮಡಿಯನ್ನೇ ನೋಡುತ್ತ ಅಂದಾಜಿನ ಮೇಲೆ ಕಾಲಿಡುತ್ತಿದ್ದಳು. ಡಾಕ್ಟರು ಕುರ್ಚಿಯಿಂದ ಏಳಲಿಲ್ಲ. ಹತ್ತಿರ ಬಗ್ಗಿಸಿಕೊಂಡು ಎರಡು ಬೆರಳಿನಿಂದ ಕತ್ತನ್ನು ಒತ್ತಿದರು. ಬೆರಳನ್ನು ಕರ್ಚೀಫಿಗೆ ಒರೆಸಿಕೊಂಡರು. ಹೊತ್ತು ಹೊತ್ತು ಹೀಗಾಗಿದೆ, ಕೂತು ಮಣ್ಣು ಸೋಸುವ ಜರಡಿ ಕೆಲಸಕ್ಕೆ ಹಾಕಿಸಿ ಎಂದು ಅವಳು ಕೇಳಿದಳು.

"ಹೊರೆಗೂ ಇದಕ್ಕೂ ಸಂಬಂಧ ಇಲ್ಲಮ್ಮ," ಎಂದರು ಡಾಕ್ಟರು. "ವಯಸ್ಸಾಯ್ತು, ಅಷ್ಟೇ. ನೀವೆಲ್ಲ ಮಲಗೋ ರೀತಿನೂ ಸರಿಯಿಲ್ಲ. ದಿಂಬು ಇಟ್ಕೊಂಡು ಮಲಗಬೇಡ."

"ದಿಂಬು ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಒಂದು ಇಟ್ಕೊ."

ಹೀಗೆ ವೈದ್ಯ ಮುಗಿಯಿತು. ಮೇಸ್ತ್ರಿಗೆ ಅಷ್ಟೇ ಬೇಕಾಗಿತ್ತು. ಡಾಕ್ಟರೇ ಸಂಬಂಧ ಇಲ್ಲ ಎಂದಮೇಲೆ ನಿನ್ನದೇನು ರಗಳೆ ಎಂದ. ಜರಡಿಯ ಹತ್ತಿರ ಅವನ ಹೆಂಡತಿಯ ಕಡೆಯವರು ಕೂತಿದ್ದರು. ಅವರ ಕತ್ತುಗಳು ಗಿಣಿಯ ಹಾಗೆ ತಿರುಗುತ್ತಿದ್ದವು. ಕೈಲಾಗದಿದ್ದರೆ ಅರ್ಧ ಹೊರೆ ಹೊರು, ಉಳಿದರ್ಧಕ್ಕೆ ಮಗಳನ್ನು ಕರೆದುಕೊಂಡು ಬಾ ಎಂದೂ ಹೇಳಿದ. ದೊಡ್ಡ ಮನಸ್ಸಿನಿಂದ ಹೇಳಿದ.

ಮಗಳಿಗೆ ಹದಿಮೂರು. ಉದ್ದಕ್ಕೆ ಬೆಳೆದಿದ್ದಳು, ಬಾಯಿ ಇನ್ನೂ ಉದ್ದ. ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಿಗೆ ಎದುರುತ್ತರ ಕೊಟ್ಟು ಬೆಂಚಿನ ಮೇಲೆ ನಿಂತು ಬಂದವಳು, ಶಾಲೆ ಬಿಡಬೇಕು ಎಂದಾಗ ಮೊದಲು ಖುಷಿಪಟ್ಟಳು. ಗುಂಡಿಯ ಬಳಿ ತಾಯಿ ತನ್ನ ಕೈಯಾರೆ ಹಳೆ ಬಟ್ಟೆಯನ್ನು ಸುತ್ತಿ ಸಿಂಬೆ ಮಾಡಿ ಅವಳ ನೆತ್ತಿಯ ಮೇಲಿಟ್ಟಳು. ಅದರ ಮೇಲೆ ಬಾಂಡ್ಲಿ ಇಟ್ಟಳು. ಮಗಳ ಕತ್ತು ಒಂದು ಸಲ ಅತ್ತ, ಒಂದು ಸಲ ಇತ್ತ ಓಲಾಡಿ ನಿಂತಿತು. ಬಾಯಿ ಮುಚ್ಚಿತು. ಅಷ್ಟು ವರ್ಷ ಯಾವ ಮೇಷ್ಟ್ರೂ ಮುಚ್ಚಿಸಲಾರದ ಬಾಯಿ. ತಾಯಿ ನೋಡುತ್ತ ನಿಲ್ಲಲಿಲ್ಲ. ಹಿಂದೆ ಸಾಲಿತ್ತು.

ಆ ಹೊತ್ತಿಗೆ ಹೊಸ ಗುಂಡಿ ತೆರೆದಿದ್ದರು. ರಾಣಿಯ ಗೋರಿಯಿಂದ ಬಹಳ ದೂರ, ಆ ಕಾಲದ ಊರಿನ ಕೊಳಚೆ ಹರಿಯುತ್ತಿದ್ದ ಚರಂಡಿಯ ಪಕ್ಕ. ಅಲ್ಲಿ ಕಲ್ಲೂ ಇಲ್ಲ, ಹವಳವೂ ಇಲ್ಲ. ಒಬ್ಬರ ಮೇಲೊಬ್ಬರನ್ನು ಎಸೆದ ಹಾಗೆ ಮೂಳೆ ಬಿದ್ದಿತ್ತು. ಇವರಿಗೆ ಯಾರೂ ರಾಜ, ಮಂತ್ರಿ ಎಂದು ಹೆಸರಿಡಲಿಲ್ಲ. ಚೀಟಿಯ ಮೇಲೆ ನಂಬರು ಬರೆದು ಪಕ್ಕದಲ್ಲಿಟ್ಟರು. ಡಾಕ್ಟರಿಗೆ ಮಾತ್ರ ಹಬ್ಬ. ಕೆಲಸ ಮಾಡಿ ಸತ್ತವರ ಮೂಳೆ ಇಷ್ಟು ಒಂದೇ ಕಡೆ ಸಿಗುವುದು ಅಪರೂಪವೆಂದು ಕುಣಿದಾಡಿದರು. ತಮ್ಮ ಕಾಲೇಜಿನ ಹುಡುಗ ಹುಡುಗಿಯರನ್ನು ವ್ಯಾನಿನಲ್ಲಿ ಕರೆತಂದು ಗುಂಡಿಯಲ್ಲಿ ನಿಲ್ಲಿಸಿ ಪಾಠ ಶುರುಮಾಡಿದರು.

ಹೊರೆಯ ಸಾಲು ಅದೇ ಗುಂಡಿಯ ತಳದಿಂದ ಅಂಚಿಗೆ ಆನಿಸಿದ ಹಲಗೆಯ ಮೇಲೆ ಏರುತ್ತಿತ್ತು. ಡಾಕ್ಟರ ದನಿ ಗಂಟೆಯಂಥದು, ಕೇಳಬೇಡವೆಂದರೂ ಕೇಳಿಸುತ್ತಿತ್ತು.

ಈ ಗಂಡಸಿನ ಮೊಣಕಾಲು ನೋಡಿ ಎನ್ನುತ್ತಿದ್ದರು. ಸವೆದು ತಟ್ಟೆಯಾಗಿದೆ, ಜೀವಮಾನವೆಲ್ಲ ಮಂಡಿಯೂರಿ ಕಲ್ಲು ಕಡಿದವನು. ಇವನ ಬೆನ್ನು ನೋಡಿ. ಇವನ ಹಲ್ಲಿನ ಗೆರೆ ನೋಡಿ, ಹುಡುಗನಾಗಿದ್ದಾಗ ಹೊಟ್ಟೆಗಿಲ್ಲದೆ ಒದ್ದಾಡಿದವನು. ಆ ಟೆಂಟಿನಲ್ಲಿರುವ ರಾಣಿಯ ಮೂಳೆಯನ್ನೂ ಇವನ್ನೂ ಹೋಲಿಸಿ. ಅವಳದು ಬೆಣ್ಣೆಯ ಹಾಗೆ ನುಣುಪು. ಒಂದು ಕೊಡ ನೀರನ್ನೂ ಎತ್ತಿದವಳಲ್ಲ. ಯಾರು ಉಂಡರು, ಯಾರು ದುಡಿದರು ಅನ್ನುವುದನ್ನು ಯಾರೂ ಬರೆದಿಡಲಿಲ್ಲ, ಮೂಳೆ ಬರೆದಿಟ್ಟಿದೆ ಎಂದರು. ಹುಡುಗರು ತಲೆದೂಗಿದರು. ಆಮೇಲೆ ಡಾಕ್ಟರು ಒಂದು ಹೆಂಗಸಿನ ತಲೆಬುರುಡೆಯ ಬಳಿ ಕುಕ್ಕರಗಾಲಿನಲ್ಲಿ ಕೂತರು.

"ಇವಳ ಕತ್ತಿನ ಮೂಳೆಯ ಮಣಿ ನೋಡಿ. ಮೂರು ಮಣಿ ಕೂಡಿಕೊಂಡು ಒಂದೇ ಮೂಳೆ ಆಗ್ಬಿಟ್ಟಿದೆ. ಇದು ವಯಸ್ಸಿನಿಂದ ಆದದ್ದಲ್ಲ, ನಲವತ್ತೂ ದಾಟಿಲ್ಲ ಇವಳು. ಚಿಕ್ಕಂದಿನಿಂದ ತಲೆ ಮೇಲೆ ಹೊರೆ. ಬೇರೆ ಕಾರಣಾನೇ ಇಲ್ಲ."

ಮೇಲೆ ಹಲಗೆಯಲ್ಲಿ, ತಾನೂ ಹೊರೆ ಹೊತ್ತಿದ್ದ ನಾದಿನಿಯ ಕಾಲು ನಿಂತಿತು. ಅವಳ ಹಿಂದಿನವಳ ಕಾಲೂ ನಿಂತಿತು.

ಯಾರಾದರೂ ಕರೆದರೆ ಈ ಹೆಂಗಸು ತಲೆ ತಿರುಗಿಸಲಾರದೆ ಇಡೀ ಮೈಯನ್ನೇ ತಿರುಗಿಸಬೇಕಾಗಿತ್ತು ಎಂದು ಡಾಕ್ಟರು ವಿವರಿಸಿದರು. ಎದ್ದು ನಿಂತು ಕತ್ತು ಸೆಟೆಸಿ, ಹೀಗೆ, ಎಂದು ತಾವೇ ತಿರುಗಿ ತೋರಿಸಿದರು. ತಿರುಗಿದಾಗ ಅವರ ಮುಖ ಸರಿಯಾಗಿ ಹಲಗೆಯ ಕಡೆಗೆ ಬಂತು. ಅಲ್ಲಿ ಸಾಲಿನಲ್ಲಿದ್ದ ಹೆಂಗಸರೆಲ್ಲ ದೊರೆಸಾನಿಯನ್ನು ನೋಡುತ್ತಿದ್ದರು. ಡಾಕ್ಟರೂ ನೋಡಿದರು.

"ಅಲ್ಲಿ ನಿಲ್ಲಬೇಡಿ," ಎಂದರು. "ಧೂಳು ಬೀಳುತ್ತೆ."

ಸಾಲು ಮುಂದೆ ಹೋಯಿತು. ಮತ್ತೆ ಮಣ್ಣು ತುಂಬಿಕೊಂಡು ಬರುವ ಹೊತ್ತಿಗೆ ಡಾಕ್ಟರು ಪಕ್ಕದ ಇನ್ನೊಂದು ಸಣ್ಣ ಅಸ್ಥಿಪಂಜರಕ್ಕೆ ಬಂದಿದ್ದರು. ಹನ್ನೆರಡು ಹದಿಮೂರರ ಹುಡುಗಿಯಂತೆ. ಅವಳ ಮಣಿಗಳೂ ಆಗಲೇ ಜಜ್ಜಿಕೊಳ್ಳಲು ಶುರುವಾಗಿದ್ದವಂತೆ. ಮಗುವಿನ ತಲೆಯ ಮೇಲೆ ಹೊರೆ ಇಡಲು ಅವರಿಗೆ ಮನಸ್ಸಾದರೂ ಹೇಗೆ ಬಂತು, ಎಂಥ ಜನ ಇದ್ದರು ಆ ಕಾಲದಲ್ಲಿ ಎಂದು ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ವಿದ್ಯಾರ್ಥಿನಿಯೊಬ್ಬಳು ಬಿಕ್ಕಿದಳು. ಅದೇ ಹೊತ್ತಿಗೆ ದೊರೆಸಾನಿಯ ಮಗಳು ಮೂಗಿನ ಮೇಲಿನ ಬೆವರನ್ನು ಒರೆಸಿಕೊಳ್ಳಲು ಕೈ ಬಿಡುವಿಲ್ಲದೆ, ತುಟಿಯಿಂದ ಉಫ್ ಎಂದು ಊದಿಕೊಳ್ಳುತ್ತ, ಅವರೆಲ್ಲರ ತಲೆಯ ಮೇಲೆಯೇ ದಾಟಿ ಹೋದಳು.

ಅವತ್ತು ಸಂಜೆ ನಲ್ಲಿಯ ಹತ್ತಿರ ಮಗಳು ಕೈಕಾಲು ತೊಳೆಯುತ್ತ, ಆ ಹುಡುಗಿಗೆ ನನ್ನಷ್ಟೇ ವಯಸ್ಸಂತೆ ಅಮ್ಮ ಎಂದಳು. ತಾಯಿಗೆ ಅಳು ಬರಲಿಲ್ಲ. ಎದೆಯಲ್ಲಿ ಒಂದು ಹುಳಿ ತೇಗು ಸಿಕ್ಕಿಕೊಂಡಂತಾಗಿತ್ತು. ಆದರೂ ಅವಳು ಅಷ್ಟು ಹೊತ್ತಿಗೂ ಒಳ್ಳೆಯ ಕಾರಣವನ್ನೇ ಹುಡುಕುತ್ತಿದ್ದಳು. ಡಾಕ್ಟರಿಗೆ ಹೊಳೆದಿರಲಿಕ್ಕಿಲ್ಲ. ಅಷ್ಟು ಜನರನ್ನು ನೋಡುವವರು, ಇವಳ ಕತ್ತು ಮರೆತಿರಬೇಕು. ನೆನಪಿಸಿದರೆ ಆಯಿತು. ಬಡವರಿಗೆ ಈ ರೋಗ ಕತ್ತುನೋವಿಗಿಂತ ಹಳೆಯದು. ಒದ್ದವನ ಕಾಲಿಗೂ ಏನೋ ಕಷ್ಟ ಇದ್ದಿರಬೇಕು ಎಂದುಕೊಳ್ಳುವುದು.

ಬೆಳಿಗ್ಗೆ ಅವಳು ಡಾಕ್ಟರ ಕಾರಿನ ಬಳಿ ಕಾದಿದ್ದು ಕೇಳಿದಳು. ಆ ಹೆಂಗಸಿನ ಕತ್ತು ಹೊರೆಯಿಂದ ಹಾಗಾಯಿತು ಅಂದಿರಲ್ಲ, ನನ್ನದೂ ಹಾಗೇ ಇದೆಯಲ್ಲ ಎಂದಳು. ಡಾಕ್ಟರು ನಕ್ಕರು. ಮಕ್ಕಳ ಪ್ರಶ್ನೆಗೆ ನಗುವ ಹಾಗೆ.

"ಅದು ಬೇರೆ, ಇದು ಬೇರೆ. ಅವರು ಗುಲಾಮರು, ಚಾಟಿ ಏಟು ತಿಂದು ಹೊತ್ತವರು. ನೀನು ನಿನ್ನಿಷ್ಟದಿಂದ ಬರ್ತಿದೀಯ. ಬೇಡ ಅನ್ನಿಸಿದ್ರೆ ನಾಳೆಯಿಂದ ಬರಬೇಡ. ಯಾರು ಹಿಡ್ಕೊಂಡಿದಾರೆ ನಿನ್ನ?"

ಅಷ್ಟು ಹೇಳಿ ಹೊರಟವರು ನಿಂತರು. ಅವಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಒಂದು ಸುತ್ತು ಬಂದರು. ಬಲಕ್ಕೆ ತಿರುಗು ಎಂದರು, ಎಡಕ್ಕೆ ತಿರುಗು ಎಂದರು. ಅವಳು ತಿರುಗಿದಳು. ತಗಡಿನ ಕೋಣೆಯಲ್ಲಿ ಎದ್ದು ನಿಲ್ಲದವರು ಈಗ ಬಗ್ಗಿ ಅವಳ ಕತ್ತಿನ ಹಿಂಬದಿಯನ್ನು ಕನ್ನಡಕ ಮೇಲೆತ್ತಿ ನೋಡಿದರು. ಅದ್ಭುತ ಎಂದರು. ಅವಳ ಎದೆ ಒಂದು ಗಳಿಗೆ ಹಗುರಾಯಿತು. ಕೊನೆಗೂ ಕಂಡಿತಲ್ಲ ಎಂದುಕೊಂಡಳು.

ಕಂಡದ್ದು ಏನೆಂದು ಮೇಸ್ತ್ರಿ ಬಂದು ಹೇಳಿದ. ರಾಜಧಾನಿಯಿಂದ ದೊಡ್ಡ ಅತಿಥಿಗಳು ಗುಂಡಿ ನೋಡಲು ಬರುತ್ತಾರೆ. ಆ ಹೆಂಗಸಿನ ಮೂಳೆಯ ಪಕ್ಕದಲ್ಲಿ ಇವಳು, ಹುಡುಗಿಯ ಮೂಳೆಯ ಪಕ್ಕದಲ್ಲಿ ಇವಳ ಮಗಳು, ಬಾಂಡ್ಲಿ ಹೊತ್ತು ನಿಲ್ಲಬೇಕು. ಆ ಕಾಲದ ಜನ ಹೇಗಿದ್ದರು ಎಂದು ಅತಿಥಿಗಳಿಗೆ ಜೀವಂತ ತೋರಿಸುವುದು. ಅಷ್ಟು ಮಾಡಿದರೆ ಮಾರನೆಯ ದಿನದಿಂದ ಇಬ್ಬರಿಗೂ ಜರಡಿ ಕೆಲಸ. ಡಾಕ್ಟರೇ ಮಾತು ಕೊಟ್ಟಿದ್ದಾರೆ.

ಅವಳು ಒಪ್ಪಿದಳು. ಒಪ್ಪಲಿಲ್ಲ ಎಂದು ಹೇಳಿದರೆ ಕಥೆ ಚೆನ್ನಾಗಿರುತ್ತಿತ್ತು, ಒಪ್ಪಿದಳು. ಗೊಂಬೆಯ ಥರ ನಿಲ್ತೀಯಾ ಅತ್ತಿಗೆ ಎಂದು ನಾದಿನಿ ಉಗಿದಳು. ನಿಂತರೆ ಆಮೇಲೆ ಕೂರಬಹುದು ಕಣೇ ಎಂದಳು ಅವಳು.

ಆ ದಿನ ತಾಯಿ ಮಗಳು ಬೇಗ ಎದ್ದು ತಲೆಗೆ ನೀರು ಹಾಕಿಕೊಂಡು, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು ಬಂದರು. ಮೇಸ್ತ್ರಿ ಗೋಣಿಬಣ್ಣದ ಎರಡು ತುಂಡು ಬಟ್ಟೆ ಕೊಟ್ಟ. ತೋಳಿಲ್ಲ. ಮೊಣಕಾಲು ಮುಚ್ಚುವುದಿಲ್ಲ. ಶೆಡ್ಡಿನ ಹಿಂದೆ ಹೋಗಿ ಬದಲಾಯಿಸಿದರು. ಚಪ್ಪಲಿ ಬಿಡಿ ಎಂದರು. ಆ ಕಾಲದಲ್ಲಿ ಚಪ್ಪಲಿ ಇರಲಿಲ್ಲವಂತೆ. ನಾದಿನಿಯನ್ನೂ ಸೇರಿಸಿ ಉಳಿದ ಹೆಂಗಸರನ್ನು ಬಾಂಡ್ಲಿ ಹೊರಿಸಿ ಹಲಗೆಯ ಉದ್ದಕ್ಕೂ ಒಂದು ಬದಿಗೆ ನಿಲ್ಲಿಸಿದರು. ಹಿಂದೆ ಒಂದು ಸಾಲು ಇದ್ದರೆ ಫೋಟೋ ಚೆನ್ನಾಗಿ ಬರುತ್ತದೆಂದು ಅದೂ ಡಾಕ್ಟರದ್ದೇ ಏರ್ಪಾಟು.

ಡಾಕ್ಟರು ಬಂದು ನೋಡಿ ಮುಖ ಸಿಂಡರಿಸಿದರು. ಮೈ ತುಂಬಾ ಚೊಕ್ಕಟವಾಗಿದೆ ಎಂದರು. ಮೇಸ್ತ್ರಿ ಹಸಿ ಮಣ್ಣು ತಂದ. ತಾಯಿಯ ತೋಳಿಗೆ, ಕಾಲಿಗೆ ಬಳಿದ. ಅದೇ ಕೈಯನ್ನು ಮಗಳ ತೊಡೆಯ ಕಡೆಗೆ ಒಯ್ದಾಗ ತಾಯಿ ಅವನ ಮುಂಗೈ ಹಿಡಿದಳು. ಮಣ್ಣನ್ನು ಅವನ ಅಂಗೈಯಿಂದ ಬಾಚಿಕೊಂಡು ತಾನೇ ಮಗಳ ಕಾಲಿಗೆ ಬಳಿದಳು. ಬೆಳಿಗ್ಗೆ ತಾನೇ ತಿಕ್ಕಿ ತೊಳೆದ ಕಾಲು. ಮಗಳು ಆಕಾಶ ನೋಡುತ್ತಿದ್ದಳು.

ಅತಿಥಿಗಳು ಕೊಡೆ ಹಿಡಿಸಿಕೊಂಡು, ತಣ್ಣನೆಯ ನೀರಿನ ಬಾಟಲಿ ಹಿಡಿದು ಬಂದರು. ಮೊದಲು ಟೆಂಟಿಗೆ ಹೋಗಿ ರಾಣಿಗೆ ತಲೆಬಾಗಿದರು. ಅಲ್ಲಿ ಬಿಸ್ಕತ್ತು ತಿಂದರು. ಆಮೇಲೆ ಹಲಗೆಯ ಮೇಲೆ ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಅಯ್ಯೋ ಅಮ್ಮ ಎನ್ನುತ್ತ ಗುಂಡಿಗೆ ಇಳಿದರು. ಅಗೆತ ಮಾಡಿಸುವ ಇಲಾಖೆಯ ದೊಡ್ಡ ಸಾಹೇಬರೂ ಇಳಿದರು. ಡಾಕ್ಟರ ಕೈಯಲ್ಲಿ ಉದ್ದನೆಯ ಕೋಲಿತ್ತು. ಕೋಲು ಸತ್ತವಳ ಕತ್ತನ್ನು ತೋರಿಸಿತು. ಆಮೇಲೆ ಬದುಕಿದ್ದವಳ ಕತ್ತನ್ನು ತೋರಿಸಿತು. ಸತ್ತವಳಿಗೆ ತಾಗಬಾರದೆಂದು ಒಂದು ಗೇಣು ದೂರ ನಿಂತಿದ್ದ ಕೋಲು ಇವಳ ಕತ್ತಿಗೆ ಟಕಟಕ ಬಡಿಯಿತು.

ಹೊಳೆಯುವ ಕನ್ನಡಕದ ಹೆಂಗಸೊಬ್ಬಳು, ಇವರಿಗೆ ನೋವಾಗುತ್ತದೆಯೇ ಎಂದು ಕೇಳಿದಳು. ಇವಳನ್ನಲ್ಲ, ಡಾಕ್ಟರನ್ನು. ಇವರಿಗೆ ಅಭ್ಯಾಸ ಎಂದರು ಡಾಕ್ಟರು. ಹಾಗೆಂದು ಮಗಳ ಬಳಿ ಹೋಗಿ, ಬಾಂಡ್ಲಿಯ ಕೆಳಗೆ ಕೈ ತೂರಿಸಿ, ಅವಳ ಕತ್ತಿನ ಹಿಂದೆ ಬೆರಳಿಟ್ಟರು.

"ಇಲ್ಲಿ ಮುಟ್ಟಿ ನೋಡಿ. ಮಣಿಗಳು ಇನ್ನೂ ಬೇರೆ ಬೇರೆ ಇವೆ. ಇದೇ ಕೆಲಸ ಮುಂದುವರಿದರೆ, ಇವಳ ತಾಯಿಯ ವಯಸ್ಸಿಗೆ ಬರೋ ಹೊತ್ತಿಗೆ ಇವೂ ಕೂಡಿಕೊಳ್ತವೆ. ಅನುಮಾನವೇ ಬೇಡ."

ಅತಿಥಿಗಳು ಸರದಿಯಲ್ಲಿ ಮುಂದೆ ಬಂದು ಮುಟ್ಟಿದರು. ಒಬ್ಬ, ಎರಡು ಬೆರಳು. ಇನ್ನೊಬ್ಬ, ಉಂಗುರದ ಕೈ. ಕನ್ನಡಕದವಳು ಮುಟ್ಟಿ, ಹೌದಲ್ಲ, ಎಷ್ಟು ಮೆತ್ತಗಿದೆ ಎಂದಳು. ಅಲ್ಲಾಡಬೇಡ ಮರಿ ಎಂದ ಫೋಟೋದವನು. ಮಗಳು ಅಲ್ಲಾಡಲಿಲ್ಲ. ಕಣ್ಣುಗುಡ್ಡೆ ಮಾತ್ರ ಓರೆಯಾಗಿ ತಾಯಿಯ ಕಡೆ ಸರಿಯಿತು.

ದೊರೆಸಾನಿ ತಲೆಯ ಮೇಲಿನ ಬಾಂಡ್ಲಿಯನ್ನು ಎತ್ತಿ ಕವುಚಿದಳು. ಮಣ್ಣೆಲ್ಲ ಡಾಕ್ಟರ ಬೂಟಿನ ಮೇಲೆ ಬಿತ್ತು. ಧೂಳು ಎದ್ದು ಅತಿಥಿಗಳು ಕೆಮ್ಮಿದರು. ಅವಳು ಎರಡು ಹೆಜ್ಜೆ ಇಟ್ಟು ಮಗಳ ಬಾಂಡ್ಲಿಯನ್ನೂ ಇಳಿಸಿದಳು. ಸಿಂಬೆಯನ್ನು ಕಿತ್ತು ಎಸೆದಳು. ಉಂಗುರದ ಕೈಯನ್ನು ಮಗಳ ಕತ್ತಿನಿಂದ ನೊಣ ಓಡಿಸಿದ ಹಾಗೆ ತಳ್ಳಿದಳು. ಆಮೇಲೆ ಪಾದ, ಸೊಂಟ, ಹೆಗಲು ತಿರುಗಿಸಿ ಡಾಕ್ಟರಿಗೆ ಎದುರಾದಳು.

"ನನಗೆ ದಿಂಬು ಇಟ್ಕೊ ಅಂದ್ರಿ ಡಾಕ್ಟ್ರೇ. ಇವಳಿಗೂ ಒಂದು ದಿಂಬು ಸಾಕಾಗ್ತಿರಲಿಲ್ವಾ?"

ಅತಿಥಿಗಳಿಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ದನಿ ಏರಿಸಲಿಲ್ಲ.

"ಆ ತಗಡಿನ ಕೋಣೇಲಿ ಇದೇ ಬಾಯಿ, ಹೊರೆಗೂ ನಿನ್ನ ಕತ್ತಿಗೂ ಸಂಬಂಧ ಇಲ್ಲ ಅಂತು. ಕೂತು ಮಾಡೋ ಕೆಲಸ ಕೇಳಿದ್ದೆ. ಕೊಡಲಿಲ್ಲ, ಮಗಳನ್ನ ಹೊರೋಕೆ ಹಚ್ಚಿದ್ರು. ಈಗ ನಿಮ್ಮ ಮುಂದೆ ಇದೇ ಬಾಯಿ ಅನುಮಾನವೇ ಬೇಡ ಅಂತಿದೆ. ಎರಡರಲ್ಲಿ ಯಾವುದು ಸುಳ್ಳು, ಕೇಳಿ. ನಾನು ಕೇಳಿದ್ರೆ ಹೇಳಲ್ಲ."

ಡಾಕ್ಟರು ಅತಿಥಿಗಳ ಕಡೆ ನೋಡಿ ನಕ್ಕರು. ಬಿಸಿಲಿಗೆ ತಲೆ ಕೆಟ್ಟಿದೆ, ಪಾಪ ಎಂದರು. ಅತಿಥಿಗಳು ಅದನ್ನು ನಂಬಲು ತಯಾರಾಗಿಯೇ ಇದ್ದರು. ಮೇಸ್ತ್ರಿ ಹಾರಿ ಬಂದು ಅವಳ ರಟ್ಟೆ ಹಿಡಿದು ಎಳೆದ. ಎಳೆದ ರಭಸಕ್ಕೆ ಕತ್ತಿನಲ್ಲಿ ಲಟಕ್ಕೆಂದು ಏನೋ ಆಗಿ ಅವಳ ಬಾಯಿಂದ ಒಂದು ದನಿ ಹೊರಟಿತು. ಪ್ರಾಣಿ ಹೊರಡಿಸುವಂಥ ದನಿ.

ಮೇಲೆ ಹಲಗೆಯಲ್ಲಿ ನಾದಿನಿಯ ಬಾಂಡ್ಲಿ ಬಿತ್ತು. ಅವಳ ಹಿಂದಿನವಳದ್ದು ಬಿತ್ತು. ಆಮೇಲೆ ಒಂದರ ಹಿಂದೊಂದು. ಕಬ್ಬಿಣದ ಸದ್ದು ನಿಲ್ಲುವ ಹೊತ್ತಿಗೆ ಹೆಂಗಸರೆಲ್ಲ ಹಲಗೆಯ ಮೇಲೆ ಕೂತಿದ್ದರು. ನಾದಿನಿ ಕಾಲು ನೀಡಿಕೊಂಡು ಕೂತಳು. ಗುಂಡಿಯಿಂದ ಮೇಲೆ ಬರಲು ಇದ್ದದ್ದು ಅದೊಂದೇ ಹಲಗೆ.

ಇದು ಹೊಳೆಯಲು ಅತಿಥಿಗಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮೇಸ್ತ್ರಿ ಅವಳ ಕೈ ಬಿಟ್ಟು ಹಲಗೆಯ ಬುಡಕ್ಕೆ ಓಡಿ ಬಾಯಿಗೆ ಬಂದದ್ದೆಲ್ಲ ಬೈದ. ಯಾರೂ ಏಳಲಿಲ್ಲ. ಟೆಂಟಿನ ವಾಚ್‌ಮನ್ ಮೇಲಿನಿಂದ ಬಗ್ಗಿ ನೋಡಿ, ಹೆಂಗಸರನ್ನು ಹೇಗೆ ಮುಟ್ಟಲಿ ಸಾರ್ ಎಂದು ಅಲ್ಲೇ ನಿಂತ. ಬಿಸಿಲು ನೆತ್ತಿಗೆ ಬಂದಿತ್ತು. ಕೊಡೆ ಹಿಡಿಯುವವರು ಮೇಲೆಯೇ ಉಳಿದಿದ್ದರು. ಬಾಟಲಿ ಖಾಲಿಯಾದವು. ಉಂಗುರದವನು ಪಕ್ಕದ ಗೋಡೆಗೆ ಆತು ನೆರಳಿಗಾಗಿ ಹುಡುಕಿದ. ಆ ಗುಂಡಿಯಲ್ಲಿ ಸತ್ತವರಿಗೂ ನೆರಳು ಮಾಡಿರಲಿಲ್ಲ. ಕನ್ನಡಕದವಳು ತಲೆ ಸುತ್ತುತ್ತದೆಂದು ನಂಬರಿನ ಚೀಟಿಗಳ ನಡುವೆ ಕೂತುಬಿಟ್ಟಳು. ದೊರೆಸಾನಿ ಮಗಳ ಕೈ ಹಿಡಿದು ಹಲಗೆ ಏರಿದಳು. ಅವರಿಬ್ಬರಿಗೆ ಹೆಂಗಸರು ಮಗ್ಗುಲಾಗಿ ದಾರಿ ಬಿಟ್ಟರು. ಹಿಂದೆಯೇ ನುಸುಳಲು ಬಂದ ಮೇಸ್ತ್ರಿಗೆ ಬಿಡಲಿಲ್ಲ.

ಕೊನೆಗೆ ದೊಡ್ಡ ಸಾಹೇಬರು ಏನು ಬೇಕು ನಿಮಗೆ ಎಂದು ಕೇಳಿದರು. ಮೇಲೆ ಹಲಗೆಯಲ್ಲಿ ಕೂತ ಹೆಂಗಸರ ಜೊತೆ ಮಾತಾಡಲು ಅವರು ಕತ್ತು ಹಿಂದಕ್ಕೆ ಚಾಚಿ ನಿಲ್ಲಬೇಕಾಯಿತು. ನಾದಿನಿ ಬೇಕಾದದ್ದು ಹೇಳಿದಳು. ಸಾಲಿನಲ್ಲಿ ಮಕ್ಕಳು ಬೇಡ. ಕತ್ತು ಸೊಂಟ ಹೋದವರಿಗೆ ಜರಡಿ. ಉಣ್ಣಲು ಒಂದು ನೆರಳು. ಸಾಹೇಬರು ಆಗಲಿ ಎಂದರು. ನಾಲ್ಕು ಜನ ಕೇಳುವ ಹಾಗೆ ಹೇಳಿ ಎಂದಳು ನಾದಿನಿ. ಅವರು ಅತಿಥಿಗಳ ಎದುರಿಗೆ, ಬೆವರು ಇಳಿಸುತ್ತ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಹೆಂಗಸರು ಎದ್ದರು.

ಸಾಹೇಬರು ಮಾತು ಉಳಿಸಿಕೊಂಡರು. ಶೆಡ್ಡಿನ ಪಕ್ಕ ತಾಡಪಾಲು ಬಂತು. ಮಕ್ಕಳನ್ನು ತೆಗೆದರು. ಸಾಲಿನ ಇಬ್ಬರು ಮುದುಕಿಯರನ್ನು ಜರಡಿಗೆ ಕೂರಿಸಿದರು. ಕೇಳಿದವರನ್ನು ಮಾತ್ರ ಗೇಟಿನೊಳಗೆ ಬಿಡಲಿಲ್ಲ. ಮಾರನೆಯ ಬೆಳಿಗ್ಗೆ ದೊರೆಸಾನಿ ಮತ್ತು ನಾದಿನಿ ಬಂದಾಗ ಮೇಸ್ತ್ರಿ ಕಡ್ಡಿಯಿಂದ ಹಲ್ಲು ಕುಕ್ಕುತ್ತ, ನಿಮ್ಮಿಬ್ಬರಿಗೆ ಕೆಲಸ ಇಲ್ಲ ಎಂದ. ಒಳಗಿನಿಂದ ಸಾಲಿನವರು ನೋಡಿದರು. ಒಬ್ಬಳು ಬಾಂಡ್ಲಿ ಇಳಿಸಲು ಹೋದಾಗ ದೊರೆಸಾನಿಯೇ ಬೇಡ ಎಂದು ಕೈ ಮಾಡಿದಳು. ಆ ಹೆಂಗಸಿಗೆ ಎರಡು ಕೂಸು.

ನಾದಿನಿಗೆ ಒಂದು ಛತ್ರದಲ್ಲಿ ಪಾತ್ರೆ ತೊಳೆಯುವ ಕೆಲಸ ಸಿಕ್ಕಿತು. ದೊರೆಸಾನಿಗೆ ಗೋದಾಮೊಂದರಲ್ಲಿ ಹರಿದ ಚೀಲ ಹೊಲಿಯುವ ಕೆಲಸ. ಮರಗಟ್ಟಿದ ಬೆರಳಿಗೆ ದಬ್ಬಳ ಚುಚ್ಚಿದರೂ ಗೊತ್ತಾಗುತ್ತಿರಲಿಲ್ಲ, ಚೀಲಕ್ಕೆ ರಕ್ತ ಹತ್ತಿದಾಗ ಗೊತ್ತಾಗುತ್ತಿತ್ತು. ಮಗಳು ಮತ್ತೆ ಶಾಲೆಗೆ ಹೋದಳು. ತನಗಿಂತ ಗಿಡ್ಡ ಹುಡುಗಿಯರ ಜೊತೆ ಕೂರಬೇಕಲ್ಲ ಎಂದು ದಿನವೂ ರಗಳೆ ತೆಗೆಯುತ್ತಿದ್ದಳು. ಬಾಯಿ ಮೊದಲಿನ ಅಳತೆಗೆ ಬಂದಿತ್ತು.

ಮಳೆ ಶುರುವಾಗಿ ಗುಂಡಿಗಳನ್ನು ಮುಚ್ಚಿದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಡಾಕ್ಟರು ಅವಳ ಮನೆ ಹುಡುಕಿಕೊಂಡು ಬಂದರು. ಸಾಲುಮನೆಯ ಕೆಸರಿನಲ್ಲಿ ಪ್ಯಾಂಟು ಮೇಲೆತ್ತಿಕೊಂಡು ಬಂದರು. ಕೂರಲು ಕುರ್ಚಿ ಇರಲಿಲ್ಲ. ಚಾಪೆ ಇತ್ತು, ಅವರು ಕೂರಲಿಲ್ಲ. ಬಾಗಿಲಲ್ಲೇ ತಲೆ ಬಗ್ಗಿಸಿ ನಿಂತು ಕತ್ತು ಹೇಗಿದೆ ಎಂದು ಕೇಳಿದರು. ಅವಳು ಚೀಲದ ದಾರ ಸುತ್ತುತ್ತಿದ್ದಳು. ಇದೆ ಎಂದಳು.

ಅಂದು ನಡೆದದ್ದನ್ನು ತಾವು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ ಎಂದರು ಡಾಕ್ಟರು. ಕ್ಷಮಿಸಿದವರ ಮುಖ ಮಾಡಿಕೊಂಡರು. ಆಮೇಲೆ ಬಂದ ಕೆಲಸ ಹೇಳಿದರು. ಅವಳಂಥ ಕತ್ತು ಬಹಳ ಅಪರೂಪ. ಅವಸರವೇನಿಲ್ಲ, ದೇವರು ನೂರು ವರ್ಷ ಆಯುಸ್ಸು ಕೊಡಲಿ. ಆದರೆ ಅವಳು ತೀರಿಕೊಂಡ ಮೇಲೆ ದೇಹವನ್ನು ಕಾಲೇಜಿಗೆ ಕೊಡುತ್ತೇನೆಂದು ಈಗಲೇ ಒಪ್ಪಿಗೆ ಕೊಟ್ಟರೆ ವಿಜ್ಞಾನಕ್ಕೆ ದೊಡ್ಡ ಉಪಕಾರ. ಮೂಳೆ ಬಿಡಿಸಿ, ಸ್ವಚ್ಛ ಮಾಡಿ, ಆ ಹಳೆಯ ಹೆಂಗಸಿನ ಪಕ್ಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಊರೂರಿನಿಂದ ಮಕ್ಕಳು ಬಂದು ನೋಡುತ್ತಾರೆ.

ನಾದಿನಿ ಒಲೆಯ ಬಳಿಯಿಂದ ಎದ್ದಳು. ಅತ್ತಿಗೆ ಅವಳನ್ನು ಕೈಸನ್ನೆಯಲ್ಲೇ ಕೂರಿಸಿದಳು.

"ಪೆಟ್ಟಿಗೆ ಮೇಲೆ ಏನಂತ ಬರೀತೀರಿ?"

"ಇದ್ದದ್ದು ಇದ್ದ ಹಾಗೆ. ಚಿಕ್ಕಂದಿನಿಂದ ಹೊರೆ ಹೊತ್ತು ಹೀಗಾಯ್ತು ಅಂತ."

"ಅದನ್ನ ಈಗ ಬರೆದುಕೊಡಿ."

ಡಾಕ್ಟರು ಕನ್ನಡಕ ಸರಿಮಾಡಿಕೊಂಡರು. ಬದುಕಿರುವವರ ವಿಷಯದಲ್ಲಿ ಹಾಗೆಲ್ಲ ಬರೆಯಲು ಬರುವುದಿಲ್ಲ, ಅದಕ್ಕೆ ನಿಯಮ ಇದೆ, ಇಲಾಖೆಗೆ ತೊಂದರೆ ಆಗುತ್ತದೆ ಎಂದರು. ಮಾತು ಮುಗಿಸಲಿಲ್ಲ. ಅವಳು ನಗುತ್ತಿದ್ದಳು. ಮೇಸ್ತ್ರಿಯ ತಮಾಷೆಗೆ ನಗುತ್ತಿದ್ದ ನಗು ಅಲ್ಲ. ಕತ್ತು ಅಲ್ಲಾಡದೆ, ಹೊಟ್ಟೆ ಮಾತ್ರ ಕುಲುಕುವ ನಗು. ನೋವಾಗುತ್ತಿತ್ತು, ಆದರೂ ನಿಲ್ಲಲಿಲ್ಲ. ನಿಂತ ಮೇಲೆ ಅವಳು ಮೂಲೆಯಲ್ಲಿ ಓದುತ್ತ ಕೂತಿದ್ದ ಮಗಳನ್ನು ಕರೆದಳು. ಡಾಕ್ಟರಿಗೆ ಕೇಳಿಸಲಿ ಎಂದೇ ನಿಧಾನವಾಗಿ ಹೇಳಿದಳು.

"ನಾನು ಸತ್ತಾಗ ಪೂರ್ತಿ ಸುಡು. ಅರ್ಧಂಬರ್ಧ ಬೇಡ. ಸೌದೆ ಕಮ್ಮಿ ಬಿದ್ರೆ ಈ ಬಾಗಿಲು ಕಿತ್ತು ಹಾಕು. ಇವರ ಕೈಗೆ ನನ್ನ ಒಂದು ಮಣಿನೂ ಸಿಗಬಾರದು."

"ಬಾಗಿಲು ಮನೆ ಮಾಲೀಕರದ್ದಮ್ಮ," ಎಂದಳು ಮಗಳು.

"ಹಾಗಾದ್ರೆ ಕಿಟಕಿನೂ ಹಾಕು."